ವತ್ಸಲಾ ಮೇಡಂ ಹಾಡಿದ ಎಂಟನೆಯ ಹಾಡು

ರೆಕಾರ್ಡಿಂಗ್ ಸ್ಟುಡಿಯೋಗೆ ಕೆಲಸಕ್ಕೆ ಸೇರುವವರು ಮೊದಲು ಕಲಿಯಬೇಕಾದದ್ದು ಮೈಕಿನ ವಿಷಯವಲ್ಲ, ಫ್ಯಾನಿನ ಸ್ವಿಚ್ಚಿನ ವಿಷಯ. ಟೇಕ್ ಶುರುವಾಗುವ ಮುಂಚೆ ಫ್ಯಾನು, ಎ.ಸಿ. ಎರಡನ್ನೂ ಆರಿಸಬೇಕು, ಮುಗಿದ ಕೂಡಲೇ ಹಾಕಬೇಕು. ಆರಿಸುವುದನ್ನು ಮರೆತರೆ ಹಾಡಿನ ಹಿಂದೆ ಗೊರಗೊರ ಸದ್ದು ಕೂತುಬಿಡುತ್ತದೆ. ಹಾಕುವುದನ್ನು ಮರೆತರೆ ಹಾಡುವವರು ಬೆವರಿ ಬೈಯುತ್ತಾರೆ. ಇಪ್ಪತ್ತಾರು ವರ್ಷ ಈ ಕೆಲಸ ಮಾಡಿದ ನಾನು ಎರಡನ್ನೂ ಮರೆತಿದ್ದೇನೆ, ಎರಡಕ್ಕೂ ಬೈಸಿಕೊಂಡಿದ್ದೇನೆ.

ಈಗ ಈ ಕೆಲಸಕ್ಕೆ ಕಾಲೇಜುಗಳಿವೆ, ಪದವಿಯೂ ಸಿಗುತ್ತದಂತೆ. ಸಂತೋಷ. ನಾನು ಓದಿದ್ದು ಮೈಕ್‌ಸೆಟ್ ಅಂಗಡಿಯಲ್ಲಿ. ಗಣೇಶನ ಪೆಂಡಾಲು, ಮದುವೆ, ಚುನಾವಣೆ, ವೈಕುಂಠ ಸಮಾರಾಧನೆ, ಎಲ್ಲಕ್ಕೂ ಅದೇ ಹಾರ್ನ್ ಕಟ್ಟಿ ಬಂದವನು. ತೊಂಬತ್ತರಲ್ಲಿ ಚಾಮರಾಜಪೇಟೆಯ ಒಂದು ಸ್ಟುಡಿಯೋಗೆ ಆಂಪ್ಲಿಫೈಯರ್ ರಿಪೇರಿಗೆಂದು ಹೋದೆ, ಅಲ್ಲೇ ಉಳಿದೆ. ಯಾವಾಗ ಸೀನಿಯರ್ ಆದೆ, ಯಾವಾಗ ಚೀಫ್ ಆದೆ ಎನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಆ ಹೆಸರೆಲ್ಲ ವಿಸಿಟಿಂಗ್ ಕಾರ್ಡಿಗೆ. ಒಳಗೆ ಎಲ್ಲರೂ ಕರೆಯುತ್ತಿದ್ದದ್ದು "ರೀ ಶೇಷಾದ್ರಿ" ಎಂದೇ. ಬರೆಯಬೇಕೆಂದು ಕೂತಿರುವುದು ನಾನು ಮಾಡಿದ ಒಂದು ತಪ್ಪಿನ ವಿಷಯ. ಆದರೆ ಅದಕ್ಕೆ ಬರುವ ಮುಂಚೆ, ಆ ತಪ್ಪು ಮಾಡುವುದಕ್ಕೆ ನಾನು ಎಷ್ಟು ಶ್ರದ್ಧೆಯಿಂದ ತರಬೇತಾಗಿದ್ದೆ ಎಂಬುದನ್ನು ಹೇಳಬೇಕು.

ಸ್ಟುಡಿಯೋ ಎಂದರೆ ಏನೋ ಅಂದುಕೊಳ್ಳಬೇಡಿ. ಹಳೆಯ ಕಾಲದ ಒಂದು ಮನೆ. ನಡುಮನೆಯಲ್ಲಿ ವಾದ್ಯದವರು, ದೇವರ ಕೋಣೆಯನ್ನು ಸ್ವಲ್ಪ ಹಿಗ್ಗಿಸಿ ಹಾಡುವವರಿಗೆ ಬೂತ್, ಊಟದ ಮನೆಯಲ್ಲಿ ನಾನೂ ನನ್ನ ಯಂತ್ರಗಳೂ. ಮಧ್ಯೆ ದಪ್ಪ ಗಾಜು. ಬೂತಿನ ಗೋಡೆಗೆ ಸದ್ದು ಹೀರಿಕೊಳ್ಳಲೆಂದು ಮೊಟ್ಟೆಯ ಟ್ರೇಗಳನ್ನು ಹೊಡೆದಿದ್ದರು. ಆದರೆ ಒಳಗೆ ಹಾಡುವವರಲ್ಲಿ ಮುಕ್ಕಾಲು ಪಾಲು ಜನ ಮಡಿ ಉಟ್ಟು ಸ್ತೋತ್ರ ಹೇಳುವವರು. ಅದಕ್ಕೇ ಆ ಟ್ರೇಗಳ ಮೇಲೆ ಕಾವಿ ಬಟ್ಟೆ ಹೊದೆಸಿದ್ದೆವು. ಹತ್ತು ವರ್ಷ ಯಾರಿಗೂ ಗೊತ್ತಾಗಲಿಲ್ಲ. ಪ, ಬ ಅಕ್ಷರ ಬಂದಾಗ ಮೈಕಿಗೆ ಗಾಳಿ ಬಡಿಯದಿರಲು ಈಗ ಅಂಗಡಿಯಲ್ಲಿ ಸಿದ್ಧ ಜಾಲರಿ ಸಿಗುತ್ತದೆ. ನಾವು ಬಳೇಪೇಟೆಯಿಂದ ಕಸೂತಿ ಹಾಕುವ ಮರದ ರಿಂಗ್ ತಂದು, ಅದಕ್ಕೆ ನೈಲಾನ್ ಕಾಲುಚೀಲ ಬಿಗಿದು ಮೈಕಿನ ಮುಂದೆ ನಿಲ್ಲಿಸುತ್ತಿದ್ದೆವು. ಅದು ಕಾಲುಚೀಲ ಎಂಬುದನ್ನೂ ಯಾರಿಗೂ ಹೇಳುತ್ತಿರಲಿಲ್ಲ.

ಕೆಲಸದ ಹೊತ್ತು ಮಧ್ಯಾಹ್ನ ಎರಡರಿಂದ ನಾಲ್ಕು. ಬೆಳಿಗ್ಗೆ ಕುಕ್ಕರಿನ ವಿಷಲ್, ತರಕಾರಿ ಗಾಡಿ. ಸಂಜೆ ಸ್ಕೂಲಿನ ಮಕ್ಕಳು, ಆಟೋ. ಊಟ ಮಾಡಿ ಇಡೀ ಬೀದಿ ಅಡ್ಡಾಗುವ ಆ ಎರಡು ಗಂಟೆ ಮಾತ್ರ ನಮ್ಮದು. ನನ್ನ ಜೀವಮಾನದ ಮಧ್ಯಾಹ್ನದ ನಿದ್ದೆಯನ್ನೆಲ್ಲ ಕನ್ನಡನಾಡಿನ ಭಕ್ತರಿಗೆ ಅರ್ಪಿಸಿದ್ದೇನೆ.

ಮಾಲೀಕರು ಶೆಟ್ಟರು. ಬಳೆ ವ್ಯಾಪಾರದಿಂದ ಕ್ಯಾಸೆಟ್ ವ್ಯಾಪಾರಕ್ಕೆ ಬಂದವರು, ಒಳ್ಳೆಯ ಮನುಷ್ಯ, ಸಂಗೀತದ ಗಂಧ ಗಾಳಿ ಇಲ್ಲ. ಸ್ಟುಡಿಯೋ ನಡೆಯುತ್ತಿದ್ದದ್ದು ಸುಪ್ರಭಾತ, ಸಹಸ್ರನಾಮ, ದೇವರನಾಮಗಳ ಮೇಲೆ. ಒಂದು ದಿನ ಬಸವನಗುಡಿಯ ಒಬ್ಬ ಮುದುಕಿ ಕ್ಯಾಸೆಟ್ ಹಿಡಿದುಕೊಂಡು ಬಂದು, "ಇದ್ರಲ್ಲಿ ದೇವರ ಹೆಸರಿನ ಮಧ್ಯೆ ಯಾರೋ ಉಬ್ಬಸ ಪಡ್ತಾರಪ್ಪ, ಪೂಜೆ ಮಾಡೋಕ್ಕೆ ಮನಸ್ಸೇ ಬರಲ್ಲ" ಎಂದು ದೂರು ಕೊಟ್ಟರು. ಹಾಡಿದವರು ಉಸಿರು ತೆಗೆದುಕೊಂಡ ಸದ್ದು ಅದು. ಮೈಕು ಹತ್ತಿರವಿದ್ದರೆ ಕೇಳಿಸಿಯೇ ಕೇಳಿಸುತ್ತದೆ. ಶೆಟ್ಟರು ಅವತ್ತೇ ಅಪ್ಪಣೆ ಮಾಡಿದರು. "ಇನ್ಮೇಲೆ ನಮ್ಮ ಕ್ಯಾಸೆಟ್‌ನಲ್ಲಿ ಉಸಿರು ಇರಕೂಡ್ದು ಕಣ್ರೀ. ದೇವರ ಹೆಸರಿನ ಮಧ್ಯೆ ಮನುಷ್ಯ ಯಾಕೆ ಬರ್ಬೇಕು?"

ಆಗ ನಮ್ಮಲ್ಲಿ ಹಿರಿಯ ರೆಕಾರ್ಡಿಸ್ಟ್ ಆಗಿದ್ದವರು ರಾಯರು. ನನಗೆ ಕೆಲಸ ಕಲಿಸಿದವರು ಅವರೇ. ಸ್ತೋತ್ರಗಳನ್ನು ಬರೀ ತಂಬೂರಿ ಇಟ್ಟುಕೊಂಡು ನೇರವಾಗಿ ಸ್ಪೂಲ್ ಟೇಪಿಗೆ ಹಿಡಿಯುತ್ತಿದ್ದೆವು. ಉಸಿರು ಬಂದ ಜಾಗವನ್ನು ಕೈಯಿಂದ ಟೇಪನ್ನು ಹಿಂದೆಮುಂದೆ ಎಳೆದು ಹುಡುಕಿ, ಬಿಳಿ ಪೆನ್ಸಿಲ್ಲಿನಲ್ಲಿ ಗುರುತು ಮಾಡಿ, ಬ್ಲೇಡಿನಲ್ಲಿ ಕತ್ತರಿಸಿ, ಅಷ್ಟೇ ಉದ್ದದ ಬರೀ ತಂಬೂರಿಯ ಟೇಪನ್ನು ಅಲ್ಲಿ ಅಂಟಿಸಬೇಕು. ಒಂದು ಸಹಸ್ರನಾಮಕ್ಕೆ ನಾಲ್ಕು ದಿನ. ಕತ್ತರಿಸಿದ ತುಂಡುಗಳನ್ನು ರಾಯರು ಬಿಸಾಡಲು ಬಿಡುತ್ತಿರಲಿಲ್ಲ. ಗೋಡೆಯಿಂದ ಗೋಡೆಗೆ ದಾರ ಕಟ್ಟಿ, ಒಂದೊಂದು ತುಂಡನ್ನೂ ಬಟ್ಟೆ ಒಣಹಾಕುವ ಕ್ಲಿಪ್ಪಿನಲ್ಲಿ ತೂಗುಹಾಕಿ, ಮೇಲೆ ನಂಬರು ಬರೆಸುತ್ತಿದ್ದರು. "ಹಾಡ್ದೋರು ಬಂದು ಕೇಳಿ ಸರಿ ಅನ್ನೋವರ್ಗೂ ಇದು ಅವರ ಸ್ವತ್ತು. ನಿನ್ನದಲ್ಲ, ಶೆಟ್ರದ್ದೂ ಅಲ್ಲ" ಎನ್ನುತ್ತಿದ್ದರು. ಫ್ಯಾನ್ ಹಾಕಿದರೆ ಆ ತುಂಡುಗಳೆಲ್ಲ ಒಟ್ಟಿಗೆ ಹಾರಾಡುತ್ತಿದ್ದವು.

ಈ ಕೆಲಸದಲ್ಲಿ ನನ್ನ ಕೈ ಎಷ್ಟು ಪಳಗಿತೆಂದರೆ ಬೇರೆ ಸ್ಟುಡಿಯೋದವರೂ "ಉಸಿರು ತೆಗೆಯೋಕ್ಕೆ ಶೇಷಾದ್ರಿನೇ ಬೇಕು" ಎನ್ನತೊಡಗಿದರು. ಹೊರಗಿನವರು ಕೇಳಿದರೆ ಪೊಲೀಸಿಗೆ ಹೇಳುವಂಥ ಮಾತು. ನನಗೆ ಬಿರುದು ಸಿಕ್ಕಷ್ಟು ಹೆಮ್ಮೆ. ಒಮ್ಮೆ ಒಬ್ಬ ದಢೂತಿ ವಿದ್ವಾಂಸರು ಹಾಡಿದ ಅಷ್ಟೋತ್ತರವನ್ನು ಆರಂಭದಿಂದ ಕೊನೆಯ ತನಕ ಒಂದೇ ಒಂದು ಉಸಿರಿಲ್ಲದೆ ಮಾಡಿಟ್ಟೆ. ಅವರು ಬಂದು ಕೂತು ಕೇಳಿದರು. ಅರ್ಧಕ್ಕೆ ಬರುವಷ್ಟರಲ್ಲಿ ಎದೆ ಮೇಲೆ ಕೈಯಿಟ್ಟುಕೊಂಡು, "ನಿಲ್ಸಪ್ಪ, ನನ್ನ ಹಾಡು ಕೇಳಿ ನಂಗೇ ಉಸಿರು ಕಟ್ತಾ ಇದೆ" ಎಂದರು. ಶೆಟ್ಟರು ನಕ್ಕು ಹಾಲು ತರಿಸಿ ಕುಡಿಸಿದರು. ರಾಯರು ದಾರದಿಂದ ಆರು ತುಂಡುಗಳನ್ನು ಆರಿಸಿ ತೆಗೆದು, ಮತ್ತೆ ಅಲ್ಲಲ್ಲಿ ಅಂಟಿಸಿದರು. ನನಗೆ ಅವರು ಏನೂ ಹೇಳಲಿಲ್ಲ. ಹೇಳಿದ್ದರೂ ನಾನು ಕೇಳುತ್ತಿರಲಿಲ್ಲ.

ರಾಯರು ನಿವೃತ್ತರಾದ ಮಾರನೆಯ ವರ್ಷವೋ ಏನೋ ಕಂಪ್ಯೂಟರ್ ಬಂತು. ಬ್ಲೇಡು, ಬಿಳಿ ಪೆನ್ಸಿಲು, ಸ್ಪೂಲು ಎಲ್ಲ ಅಟ್ಟಕ್ಕೆ ಹೋದವು. ಈಗ ಉಸಿರು ಕಣ್ಣಿಗೇ ಕಾಣುತ್ತದೆ. ಪರದೆಯ ಮೇಲೆ ಎರಡು ದಪ್ಪ ಗೆರೆಗಳ ಮಧ್ಯೆ ಸಣ್ಣಗೆ ನವಿರು ನವಿರಾಗಿ ಇರುತ್ತದೆ, ಅದನ್ನು ಹಿಡಿದು ಒಂದು ಗುಂಡಿ ಒತ್ತಿದರೆ ಮುಗಿಯಿತು. ನಾಲ್ಕು ದಿನದ ಕೆಲಸ ಒಂದೂವರೆ ಗಂಟೆಗೆ. ಸ್ವರ ಸ್ವಲ್ಪ ಕೆಳಗೆ ಬಿದ್ದಿದ್ದರೆ ಮೇಲಕ್ಕೆತ್ತಿ ಕೂರಿಸುವ ಸಾಫ್ಟ್‌ವೇರ್ ಕೂಡ ಬಂತು. ದಾರದ ಮೇಲೆ ತೂಗುಹಾಕಲು ತುಂಡುಗಳೇ ಇಲ್ಲ. ದಾರವನ್ನು ಬಿಚ್ಚಿ ನಾನೇ ಮಡಚಿಟ್ಟೆ. ಅದರ ಜೊತೆಗೆ ರಾಯರ ಮಾತನ್ನೂ ಮಡಚಿಟ್ಟೆ ಎಂದು ಆಗ ಅನ್ನಿಸಲಿಲ್ಲ.

ಎರಡು ಸಾವಿರದ ಮೂರರಲ್ಲಿ, ನವರಾತ್ರಿಗೆ ಸ್ವಲ್ಪ ಮುಂಚೆ ವತ್ಸಲಾ ಮೇಡಂ ಬಂದರು.

ಅವರ ಹೆಸರು ಈಗಿನವರಿಗೆ ಗೊತ್ತಿರಲಾರದು. ವೈಯಾಲಿಕಾವಲ್‌ನ ಹೈಸ್ಕೂಲು ಮೇಷ್ಟರೊಬ್ಬರ ಮಗಳು. ಹನ್ನೆರಡು ವರ್ಷ ಕರ್ನಾಟಕ ಸಂಗೀತ ಕಲಿತು, ಆಮೇಲೆ ದಂಡು, ಅಂದರೆ ಕಂಟೋನ್ಮೆಂಟ್ ಕಡೆಯ ಹೋಟೆಲುಗಳಲ್ಲಿ ಇಂಗ್ಲಿಷ್ ಪಾಪ್ ಹಾಡಲು ನಿಂತವರು. ಅವರ ತಂದೆ ಒಂದು ವರ್ಷ ಮಗಳ ಜೊತೆ ಮಾತಾಡಲಿಲ್ಲವಂತೆ. ಗಣೇಶೋತ್ಸವದ ಆರ್ಕೆಸ್ಟ್ರಾಗಳಲ್ಲಿ ಕನ್ನಡ ಪಾಪ್ ಹಾಡುಗಳನ್ನೂ ಹಾಡುತ್ತಿದ್ದರು. ಮೈಕ್‌ಸೆಟ್ ಕಟ್ಟುತ್ತಿದ್ದ ಕಾಲದಲ್ಲಿ ನಾನೇ ಎಷ್ಟೋ ಸಲ ಅವರ ಕೈಗೆ ಮೈಕು ಕೊಟ್ಟಿದ್ದೇನೆ. ಒಂಬತ್ತು ಗಜ ಉದ್ದದ ವೈರನ್ನು ಕಾಲಿಗೆ ತೊಡರದಂತೆ ಎಡಗೈಯಲ್ಲಿ ಸುತ್ತಿಕೊಂಡು, ರೇಷ್ಮೆ ಸೀರೆಯಲ್ಲೇ ಕುಣಿಯುತ್ತ ಹಾಡುತ್ತಿದ್ದರು. ಸ್ಟುಡಿಯೋಗೆ ಬಂದಾಗ ಅರವತ್ತು ವಯಸ್ಸು, ಕೂದಲಿಗೆ ಬಣ್ಣವಿಲ್ಲ, ಕಣ್ಣಲ್ಲಿ ಮಾತ್ರ ಅದೇ ತುಂಟತನ.

"ರೀ ಶೇಷಾದ್ರಿ, ಎಂಟು ಹಾಡು ಹಾಡ್ಬೇಕು. ಎಲ್ಲಾ ಹಳೇವು, ಬೇರೇವ್ರು ಹಾಡಿರೋವು. ಸೋಲ್ ಮ್ಯೂಸಿಕ್ ಅಂತಾರೆ" ಎಂದರು.

ನನಗೆ ಗೊತ್ತಿಲ್ಲ ಎಂದೆ. ಅವರು ಬೇಸರಪಡದೆ ಬಿಡಿಸಿ ಹೇಳಿದರು. "ಅಮೆರಿಕದಲ್ಲಿ ಕಪ್ಪು ಜನ ಚರ್ಚಲ್ಲಿ ಹಾಡ್ತಿದ್ರಲ್ಲ, ಅದೇ ಧಾಟೀನ ಹೊರಗಡೆ ತಂದು ಪ್ರೀತಿ, ಸಂಕಟ ಎಲ್ಲಾ ಹಾಡಿದ್ರು. ನಮ್ಮ ದೇವರನಾಮ ಇದ್ದಂಗೇ ರೀ. ದೇವರ ಜಾಗದಲ್ಲಿ ಒಬ್ಬ ಮನುಷ್ಯ ನಿಂತಿರ್ತಾನೆ, ಅಷ್ಟೇ ವ್ಯತ್ಯಾಸ. ಮೂವತ್ತು ವರ್ಷ ಇದನ್ನ ಊಟ ಮಾಡ್ತಿರೋರ ಮುಂದೆ ಹಾಡಿದೀನಿ. ಸ್ಪೂನ್ ಸದ್ದಿಲ್ದೆ ಒಂದೇ ಒಂದ್ಸಲ ಹಾಡ್ಬೇಕು ಅಂತ ಆಸೆ."

ಆಮೇಲೆ ಸೆರಗನ್ನು ಸ್ವಲ್ಪ ಸರಿಸಿ ಕತ್ತಿನ ಮುಂಭಾಗ ತೋರಿಸಿದರು. ಅಲ್ಲಿ ನಿಂಬೆಹಣ್ಣಿನಷ್ಟು ಊದಿಕೊಂಡಿತ್ತು. ಥೈರಾಯ್ಡ್ ಗಡ್ಡೆ. ಆಪರೇಷನ್ ಆಗಲೇಬೇಕು, ದನಿಯ ನರ ಅದರ ಪಕ್ಕದಲ್ಲೇ ಹಾದುಹೋಗುತ್ತದೆ.

"ಮಾತು ಬರತ್ತಂತೆ. ಹಾಡು ಗ್ಯಾರಂಟಿ ಕೊಡಕ್ಕಾಗಲ್ಲ ಅಂದ್ರು ಡಾಕ್ಟ್ರು. ದೀಪಾವಳಿ ಕಳೆದ ಮೇಲೆ ಡೇಟ್ ಕೊಟ್ಟಿದಾರೆ. ಅಷ್ಟರೊಳಗೆ ಮುಗಿಸ್ಕೊಡ್ತೀರಾ?"

ಮುಗಿಸಿಕೊಡುತ್ತೇನೆ ಎಂದೆ.

ಅವರ ಜೊತೆ ಪಿಯಾನೋ ನುಡಿಸಲು ಬಂದವರು ಜೋಸೆಫ್. ಎಪ್ಪತ್ತರ ಹತ್ತಿರದ ಮನುಷ್ಯ, ಹೋಟೆಲು ದಿನಗಳಿಂದ ಜೊತೆಗಾರ. ಆ ಹೊತ್ತಿಗೆ ನಮ್ಮಲ್ಲಿ ಎಲ್ಲರೂ ಮೊದಲು ವಾದ್ಯವನ್ನು ಹಿಡಿದಿಟ್ಟು, ಆಮೇಲೆ ಹಾಡುಗಾರರನ್ನು ಕರೆದು, ಸಾಲು ಸಾಲಾಗಿ ಹಾಡಿಸಿ ಜೋಡಿಸುತ್ತಿದ್ದೆವು. ಮೇಡಂ ಒಪ್ಪಲಿಲ್ಲ. ನಡುಮನೆಯಲ್ಲಿ ಜೋಸೆಫ್ ನುಡಿಸಬೇಕು, ಬೂತಿನಲ್ಲಿ ತಾವು ಹಾಡಬೇಕು, ಗಾಜಿನ ಮೂಲಕ ಒಬ್ಬರ ಮುಖ ಒಬ್ಬರಿಗೆ ಕಾಣಬೇಕು, ಇಬ್ಬರದ್ದೂ ಒಂದೇ ಸಲಕ್ಕೆ ಆಗಬೇಕು. ಪಿಯಾನೋ ಒಂದು ಟ್ರ್ಯಾಕಿಗೆ, ದನಿ ಇನ್ನೊಂದು ಟ್ರ್ಯಾಕಿಗೆ ಹೋಗುವಂತೆ ನಾನು ಏರ್ಪಾಡು ಮಾಡಿದೆ.

ಮಧ್ಯಾಹ್ನ ಎರಡಕ್ಕೆ ಸರಿಯಾಗಿ ಬರುತ್ತಿದ್ದರು. ಫ್ಲಾಸ್ಕಿನಲ್ಲಿ ಬಿಸಿನೀರು, ಗಾಂಧಿ ಬಜಾರಿನ ಕಲ್ಲುಸಕ್ಕರೆ. ಒಂದು ದಿನಕ್ಕೆ ಒಂದೇ ಹಾಡು. ಅದಕ್ಕಿಂತ ಹೆಚ್ಚು ಹಾಡಿದರೆ ಗಂಟಲು ಹಿಡಿಯುತ್ತಿತ್ತು. ಹಾಡಿ ಮುಗಿದ ಮೇಲೆ ಕೇಳಲು ಕೂರುತ್ತಿರಲಿಲ್ಲ. ಇದು ನನಗೆ ವಿಚಿತ್ರ. ಹಾಡಿದ ತಕ್ಷಣ "ಹಾಕಿ, ಹಾಕಿ" ಎಂದು ಓಡಿಬರುವವರನ್ನೇ ನಾನು ಕಂಡಿದ್ದು.

"ಹಾಡಿದ ದಿನ ಕೇಳಿದ್ರೆ ಬರೀ ನನ್ನ ಗಂಟಲು ಕೇಳ್ಸತ್ತೆ ಕಣ್ರೀ, ಹಾಡು ಕೇಳ್ಸಲ್ಲ. ಎರಡ್ಮೂರು ದಿನ ಬಿಟ್ಟು ಕೇಳ್ಬೇಕು" ಎನ್ನುತ್ತಿದ್ದರು.

ಏಳು ಹಾಡು ಹಾಗೇ ಆದವು. ಏಳನ್ನೂ ಒಂದೆರಡು ದಿನ ಬಿಟ್ಟು ಬಂದು ಕೇಳಿ, ತಲೆಯಾಡಿಸಿ ಹೋದರು. ಅವನ್ನು ನಾನು ಇನ್ನೂ ಮುಟ್ಟಿರಲಿಲ್ಲ. ಎಂಟೂ ಆದ ಮೇಲೆ ಒಟ್ಟಿಗೆ ಚೊಕ್ಕಟ ಮಾಡೋಣ ಎಂದುಕೊಂಡಿದ್ದೆ.

ಎಂಟನೆಯದು ನಿಧಾನದ ಹಾಡು. ಬಿಟ್ಟುಹೋಗುತ್ತಿರುವವರನ್ನು ಇನ್ನೊಂದು ಸ್ವಲ್ಪ ಹೊತ್ತು ಇರು ಎಂದು ಕೇಳಿಕೊಳ್ಳುವ ಹಾಡು ಎಂದು ಮೇಡಂ ಹೇಳಿದ್ದರು. ಅದರ ಇಂಗ್ಲಿಷು ನನಗೆ ಅರ್ಧ ಅರ್ಥವಾಗುತ್ತಿರಲಿಲ್ಲ. ಅದು ಶುಕ್ರವಾರ. ಅವತ್ತು ಬೀದಿಯಲ್ಲಿ ಒಂದು ಕಾಗೆಯೂ ಕೂಗಲಿಲ್ಲ. ಎರಡು ಚರಣ ಚೆನ್ನಾಗಿ ಹೋಯಿತು. ಮೂರನೆಯ ಚರಣದಲ್ಲಿ ಮೇಲಿನ ಸ್ವರಕ್ಕೆ ಹೋದಾಗ ದನಿ ಒಡೆಯಿತು. ಅವರು ನಿಲ್ಲಿಸಲಿಲ್ಲ. ಅಲ್ಲೇ ಒಂದು ದೊಡ್ಡ ಉಸಿರು ಎಳೆದುಕೊಂಡರು. ಮಗು ಅತ್ತು ಸುಧಾರಿಸಿಕೊಳ್ಳುವಾಗ ಎಳೆದುಕೊಳ್ಳುತ್ತದಲ್ಲ, ಆ ಥರ. ನನ್ನ ಕೈ ಟೇಕ್ ನಿಲ್ಲಿಸುವ ಗುಂಡಿಯ ಮೇಲೆ ಹೋಗಿತ್ತು. ಜೋಸೆಫ್ ನನ್ನ ಕಡೆ ನೋಡಿ ಬೇಡ ಎಂದು ತಲೆಯಾಡಿಸಿದರು, ಅದೇ ಸ್ವರವನ್ನು ಹಿಡಿದು ಕಾದರು. ಮೇಡಂ ಕೆಳಗಿನ ಸ್ವರದಲ್ಲಿ, ಹೆಚ್ಚು ಕಡಿಮೆ ಮಾತಿನಲ್ಲಿ ಹೇಳಿದ ಹಾಗೆ, ಉಳಿದ ಸಾಲುಗಳನ್ನು ಮುಗಿಸಿದರು.

ಗಾಜಿನ ಆಚೆಯಿಂದ ನನ್ನನ್ನೇ ನೋಡಿದರು. ನಾನು "ಓಕೆ ಮೇಡಂ" ಎಂದೆ. ನಮ್ಮ ಕೆಲಸದಲ್ಲಿ ಎಲ್ಲಕ್ಕೂ ಅದೊಂದೇ ಮಾತು.

"ಇದೇ ಇರ್ಲಿ. ಸೋಮವಾರ ಬಂದು ಕೇಳ್ತೀನಿ" ಎಂದು ಹೊರಟರು.

ಶನಿವಾರ, ಭಾನುವಾರ ನಾನು ಆ ಹಾಡನ್ನು ಇಟ್ಟುಕೊಂಡು ಕೂತೆ. ಎಲ್ಲಕ್ಕಿಂತ ಕೆಟ್ಟಿರುವುದು ಇದೇ, ಮೊದಲು ಇದನ್ನೇ ಸರಿಮಾಡೋಣ ಎಂದು. ನನ್ನ ಮನಸ್ಸಿನಲ್ಲಿ ಕೆಡುಕೇನೂ ಇರಲಿಲ್ಲ. ಅಷ್ಟು ದೊಡ್ಡ ಹಾಡುಗಾರ್ತಿ, ಕೊನೆಯ ಸಲ ಹಾಡಿದ್ದರಲ್ಲಿ ದನಿ ಒಡೆದಿತ್ತು ಎಂದು ನಾಳೆ ಜನ ಆಡಿಕೊಳ್ಳಬಾರದು. ಅವರ ಮಾನ ಕಾಪಾಡುತ್ತಿದ್ದೇನೆ ಎಂದೇ ನಂಬಿದ್ದೆ. ಮೂವತ್ತೊಂದು ಉಸಿರು ಇದ್ದವು. ಮೂವತ್ತೊಂದನ್ನೂ ತೆಗೆದೆ. ಒಡೆದ ಸ್ವರಕ್ಕೆ ಎರಡನೆಯ ಚರಣದಿಂದ ಅದೇ ಸ್ವರವನ್ನು ತಂದು ಹಾಕಿದೆ. ಕೆಳಗೆ ಜಾರಿದ ಸಾಲುಗಳನ್ನು ಎತ್ತಿ ಕೂರಿಸಿದೆ. ಶೆಟ್ಟರು ಬಂದು ಕೇಳಿ, "ಇಪ್ಪತ್ತು ವರ್ಷ ಕಮ್ಮಿ ಮಾಡ್ಬಿಟ್ರಲ್ರೀ ಅವ್ರಿಗೆ" ಎಂದು ಬೆನ್ನು ತಟ್ಟಿದರು.

ಆ ಕಾಲದ ಕಂಪ್ಯೂಟರಿನ ಹೊಟ್ಟೆ ಚಿಕ್ಕದು. ಸೋಮವಾರ ಮಧ್ಯಾಹ್ನಕ್ಕೆ ಒಂದು ಭಜನೆ ಮಂಡಳಿಯವರು ಬರುವವರಿದ್ದರು, ಜಾಗ ಬೇಕಿತ್ತು. ಮುಗಿದ ಹಾಡಿನ ಮೂಲವನ್ನು ಅಳಿಸಿಬಿಡುವುದು ನಮ್ಮ ರೂಢಿ. ಪಿಯಾನೋ ಟ್ರ್ಯಾಕನ್ನು ಮುಟ್ಟಿರಲಿಲ್ಲವಾದ್ದರಿಂದ ಅದು ಉಳಿಯಿತು. ದನಿಯ ಮೂಲ ಟ್ರ್ಯಾಕನ್ನು ಅಳಿಸಿದೆ. ಟೇಪಿನ ಕಾಲವಾಗಿದ್ದರೆ ಕತ್ತರಿಸಿದ ಮೂವತ್ತೊಂದು ತುಂಡು ತಲೆಯ ಮೇಲೆ ನೇತಾಡುತ್ತ ಇರುತ್ತಿದ್ದವು, ತಲೆಗೆ ತಾಗಿಯಾದರೂ ನೆನಪು ಮಾಡುತ್ತಿದ್ದವು. ಇಲ್ಲಿ ನೆಲದ ಮೇಲೆ ಒಂದು ಚೂರೂ ಬೀಳಲಿಲ್ಲ. ಕೋಣೆ ಚೊಕ್ಕಟವಾಗಿತ್ತು.

ಸೋಮವಾರ ಬೆಳಿಗ್ಗೆ ಮೇಡಂ ಬಂದು ನನ್ನ ಪಕ್ಕದ ಕುರ್ಚಿಯಲ್ಲಿ ಕೂತರು. ಹಾಕಿದೆ. ಕಣ್ಣು ಮುಚ್ಚಿ ಕೇಳುತ್ತಿದ್ದವರು ಮೊದಲ ಚರಣ ಮುಗಿಯುವುದರೊಳಗೆ ಕಣ್ಣು ತೆರೆದರು. ಮೂರನೆಯ ಚರಣ ಬಂದಾಗ ಸ್ಪೀಕರಿನ ಕಡೆ ಬಗ್ಗಿದರು. ಪಿಯಾನೋ ಸುಮ್ಮನೆ ಒಂದು ಸ್ವರ ಹಿಡಿದು ಕಾಯುತ್ತಿತ್ತು, ಯಾರಿಗೆ ಕಾಯುತ್ತಿದೆ ಎಂಬುದೇ ತಿಳಿಯುತ್ತಿರಲಿಲ್ಲ.

"ಶೇಷಾದ್ರಿ, ನಾನಿಲ್ಲಿ ಉಸಿರು ತಗೊಂಡಿದ್ನಲ್ಲ?"

"ತೆಗೆದಿದೀನಿ ಮೇಡಂ. ಎಲ್ಲಾ ತೆಗೆದಿದೀನಿ, ಒಂದೂ ಬಿಟ್ಟಿಲ್ಲ" ಎಂದೆ. ನನ್ನ ದನಿಯಲ್ಲಿದ್ದ ಹೆಮ್ಮೆ ಈಗಲೂ ಕಿವಿಯಲ್ಲಿದೆ.

"ಹಾಗಾದ್ರೆ ಇಲ್ಲಿ ಹಾಡ್ತಿರೋದು ಯಾರು?"

ಹಾಡನ್ನು ಅಲ್ಲಿಗೇ ನಿಲ್ಲಿಸಿದೆ.

"ಇರ್ಲಿ. ನಾನು ಹಾಡಿದ್ದು ಹಾಕಿ."

ಅದು ಇಲ್ಲ, ಅಳಿಸಿಬಿಟ್ಟಿದ್ದೇನೆ ಎಂದೆ. ಹೇಳಿದ ಮೇಲೆ ಅವರು ಕೂಗಾಡಿದ್ದರೆ ಚೆನ್ನಾಗಿತ್ತು. ಫ್ಲಾಸ್ಕಿನ ಮುಚ್ಚಳ ತೆಗೆದು, ಬಿಸಿನೀರು ಬಗ್ಗಿಸಿಕೊಂಡು, ಕುಡಿಯದೆ ಹಿಡಿದುಕೊಂಡು ಕೂತರು. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಎನ್ನುತ್ತಾರಲ್ಲ, ನಾನು ಅದನ್ನೂ ಮಾಡಲಿಲ್ಲ. ಇದ್ದ ಗಣಪತಿಯನ್ನೇ ಒಡೆದಿದ್ದೆ.

"ಆಪರೇಷನ್‌ಗೆ ಇನ್ನೂ ಐದು ದಿನ ಇದೆ. ಮತ್ತೆ ಹಾಡ್ತೀನಿ" ಎಂದರು ಕೊನೆಗೆ.

ಮಂಗಳವಾರ ಹಾಡಿದರು, ಬುಧವಾರ ಹಾಡಿದರು. ಗುರುವಾರ ಎರಡು ಸಲ ಹಾಡಿದರು. ಶೆಟ್ಟರಿಗೆ ಹೇಳಿ ಬೇರೆಯವರ ಬುಕ್ಕಿಂಗ್ ಎಲ್ಲ ಮುಂದೆ ಹಾಕಿಸಿದ್ದೆ. ಏನನ್ನೂ ಅಳಿಸಲಿಲ್ಲ, ಕೆಮ್ಮನ್ನು ಕೂಡ. ಆದರೆ ಗಂಟಲು ಊದಿತ್ತು. ಮೇಲಿನ ಸ್ವರದಲ್ಲಿ ಒಡೆಯುವುದಿರಲಿ, ಅಲ್ಲಿಯ ತನಕ ದನಿ ಹೋಗುತ್ತಲೇ ಇರಲಿಲ್ಲ. ಶುಕ್ರವಾರ ಅರ್ಧ ಹಾಡಿ ತಾವೇ ಕೈ ಎತ್ತಿ ನಿಲ್ಲಿಸಿದರು.

"ಸಾಕು ಜೋಸೆಫ್. ಬೇರೆಯವರ ಹಾಡನ್ನ ಹಾಡಿದ್ದೇ ಒಂದು ನಕಲು. ಈಗ ನನ್ನ ನಕಲನ್ನ ನಾನೇ ಮಾಡ್ತಿದೀನಿ. ಅವತ್ತು ಹೇಗೆ ಹಾಡಿದೆ ಅಂತ ನೆನಪು ಮಾಡ್ಕೊಂಡು ಹಾಡಿದ್ರೆ ಅದು ಹಾಡಾಗಲ್ಲ."

ನಾನು ಗಾಜಿನ ಈಚೆ ತಲೆ ಬಗ್ಗಿಸಿ ಕೂತಿದ್ದೆ. ಹೊರಗೆ ಬಂದು ನನ್ನ ಹೆಗಲ ಮೇಲೆ ಕೈಯಿಟ್ಟು, "ಏಳು ಹಾಡು ಹಾಕಿ. ಅವನ್ನ ದಯವಿಟ್ಟು ಮುಟ್ಬೇಡಿ. ಆ ಚೊಕ್ಕಟದ್ದೂ ಈ ವಾರದ್ದೂ ಅಳಿಸ್ಬಿಡಿ" ಎಂದರು. ಅವರೆದುರಿಗೇ ಅಳಿಸಿದೆ. ಏಳು ಹಾಡಿನ ಸಿ.ಡಿ. ಬಂತು. ಕೇಳಿದವರು ಕಡಿಮೆ, ಕೇಳಿದವರು ಮೆಚ್ಚಿದರು. ಎಂಟನೆಯ ಹಾಡಿನ ವಿಷಯ ಹೊರಗೆ ಯಾರಿಗೂ ಗೊತ್ತಾಗಲಿಲ್ಲ.

ಹೊಸಬರಿಗೆ ಇಲ್ಲಿ ಒಂದು ಮಾತು. ಉಸಿರು ತೆಗೆಯಲೇಬೇಡಿ ಎಂದು ನಾನು ಹೇಳುವುದಿಲ್ಲ. ಕೆಲವು ಕಡೆ ಅದು ನಿಜವಾಗಿಯೂ ಕಿರಿಕಿರಿ, ಬಸವನಗುಡಿಯ ಆ ಮುದುಕಿಯ ದೂರಿನಲ್ಲೂ ನ್ಯಾಯವಿತ್ತು. ಮುಂದೆಯೂ ನಾನು ಎಷ್ಟೋ ಸಲ ತೆಗೆದಿದ್ದೇನೆ. ಆದರೆ ಹಾಡಿದವರು ಬಂದು ಕೇಳುವ ತನಕ ಅದು ಅವರ ಸ್ವತ್ತು. ಯಂತ್ರದಲ್ಲಿ ಜಾಗವಿಲ್ಲದಿದ್ದರೆ ಯಾರ ಕಾಲನ್ನಾದರೂ ಹಿಡಿದು ಜಾಗ ಮಾಡಿಕೊಳ್ಳಿ. ಈಗ ಜಾಗಕ್ಕೆ ಬರವಿಲ್ಲ, ಉಗುರಿನಷ್ಟು ಚೂರಿನಲ್ಲಿ ಇಡೀ ಸ್ಟುಡಿಯೋ ಹಿಡಿಯುತ್ತದೆ. ಆದರೂ ಅಳಿಸುವ ಚಟ ಬೇರೆ ಬೇರೆ ರೂಪದಲ್ಲಿ ಇದ್ದೇ ಇರುತ್ತದೆ. ಬೇರೆಯವರ ಮಾನವನ್ನು ಅವರನ್ನು ಕೇಳದೆ ಕಾಪಾಡಲು ಹೋಗಬೇಡಿ.

ಆಪರೇಷನ್ ಆಯಿತು, ಗಡ್ಡೆಯಲ್ಲಿ ಕೆಟ್ಟದ್ದೇನೂ ಇರಲಿಲ್ಲ ಎಂದು ಜೋಸೆಫ್ ಹೇಳಿ ಗೊತ್ತಾಯಿತು. ಮಾತು ಬಂದಿದೆ, ಹಾಡು ಬರುತ್ತಿಲ್ಲ ಎಂದೂ ಹೇಳಿದರು. ನೋಡಲು ಹೋಗಬೇಕಿತ್ತು, ಹೋಗಲಿಲ್ಲ. ಇವತ್ತು, ನಾಳೆ ಎಂದು ಸಂಕ್ರಾಂತಿ ಕಳೆಯಿತು. ಹೇಡಿತನಕ್ಕೆ ಬೇರೆ ಹೆಸರು ಹುಡುಕುವುದು ಬೇಡ.

ಯುಗಾದಿ ಹತ್ತಿರ ಬಂದಾಗ ಸ್ಟುಡಿಯೋಗೆ ಫೋನ್ ಬಂತು. ಗಡಸು ದನಿ, ಯಾರೋ ಗಂಡಸು ಎಂದುಕೊಂಡೆ.

"ನಾನ್ರೀ, ವತ್ಸಲಾ. ಜೋಸೆಫ್ ನುಡಿಸಿದ್ದು ಇದ್ಯಾ ನಿಮ್ಮತ್ರ? ಎಂಟನೇದು?"

"ಇದೆ ಮೇಡಂ."

"ಒಂದು ಕ್ಯಾಸೆಟ್‌ಗೆ ಹಾಕ್ಕೊಂಡು ಮನೆಗೆ ಬನ್ನಿ."

ವೈಯಾಲಿಕಾವಲ್‌ನ ಮನೆಯ ಮುಂಬಾಗಿಲು ತೆರೆದೇ ಇತ್ತು. ಮೇಡಂ ಸೊರಗಿದ್ದರು, ಕತ್ತಿನ ಮೇಲೆ ಸರದ ಹಾಗೆ ಒಂದು ಗಾಯದ ಗೆರೆ. ಕಾಫಿ ಕೊಟ್ಟರು. "ನಾನು ಕ್ಷಮೆ ಕೇಳ್ಬೇಕು" ಎಂದು ಶುರುಮಾಡಿದರೆ, "ಅದೆಲ್ಲಾ ಆಮೇಲೆ" ಎಂದು ಕೈಯಾಡಿಸಿದರು. ಟೇಪ್‌ರೆಕಾರ್ಡರನ್ನು ಟೀಪಾಯಿಯ ಮೇಲೆ ತಂದಿಟ್ಟರು.

"ಅವತ್ತು ಹೇಗೆ ಹಾಡಿದೆ ಅಂತ ಜೋಸೆಫ್‌ನ ಕೇಳಿದೆ. ಅವನಿಗೆ ಅವನ ಪಿಯಾನೋ ಒಂದೇ ನೆನಪಿರೋದು. ನಾನು ಅವತ್ತು ಕೇಳ್ದೆ ಹೊರಟೋದೆ, ನೋಡಿ. ನೀವು ಎರಡು ದಿನ ಕೂತು ಒಂದೊಂದೇ ತೆಗೆದಿದೀರಲ್ಲ. ಎಲ್ಲೆಲ್ಲಿತ್ತು ಅಂತ ನೆನಪಿದ್ಯಾ?"

ನೆನಪಿತ್ತು. ಆ ಹಾಡಿನ ಮಾತು ನನಗೆ ತಿಳಿಯದು, ಅದರ ರಾಗ ನನ್ನ ಗಂಟಲಿಗೆ ಬಾರದು. ಆದರೆ ಮೂವತ್ತೊಂದು ಉಸಿರೂ ಎಲ್ಲಿದ್ದವು, ಯಾವುದು ಮೂಗಿನದು, ಯಾವುದು ಬಾಯಿಯದು, ಯಾವುದು ಅರ್ಧಕ್ಕೇ ನಿಂತದ್ದು, ಎಲ್ಲ ನೆನಪಿತ್ತು. ಆ ಐದು ತಿಂಗಳೂ ಅವೇ ನೆನಪಿದ್ದವು.

ಕ್ಯಾಸೆಟ್ ಹಾಕಿದೆ. ಪಿಯಾನೋ ಶುರುವಾಯಿತು. ಮೊದಲನೆಯ ಜಾಗ ಬಂದಾಗ ಬೆರಳೆತ್ತಿ ತೋರಿಸಿದೆ.

"ಬೆರಳು ಬೇಡ. ಉಸಿರೇ ತಗೊಳ್ಳಿ. ಹೇಗಿತ್ತೋ ಹಾಗೆ" ಎಂದರು.

ಹಾಡುಗಾರರ ಮುಂದೆ ನಾನು ಯಾವತ್ತೂ ಬಾಯಿ ತೆರೆದವನಲ್ಲ. ಸಂಕೋಚವಾಯಿತು. ಆದರೂ ಎಳೆದುಕೊಂಡೆ. ಎರಡನೆಯದು, ಮೂರನೆಯದು. ಮೊದಲ ಚರಣ ಮುಗಿಯುವಷ್ಟರಲ್ಲಿ ಸಂಕೋಚ ಹೋಯಿತು. ಎರಡನೆಯ ಚರಣದಲ್ಲಿ ಅವರೂ ನನ್ನ ಜೊತೆ ಉಸಿರು ತೆಗೆದುಕೊಳ್ಳತೊಡಗಿದರು. ತುಟಿ ಅಲ್ಲಾಡುತ್ತಿತ್ತು, ದನಿ ಇರಲಿಲ್ಲ. ಮೂರನೆಯ ಚರಣದಲ್ಲಿ ಆ ದೊಡ್ಡ ಉಸಿರಿನ ಜಾಗ ಬಂತು. ಟೇಪಿನಲ್ಲಿ ಜೋಸೆಫ್ ಸ್ವರ ಹಿಡಿದು ಕಾದರು. ನಾನು ಎಳೆದುಕೊಳ್ಳಲು ಹೋದರೆ ಅದು ಬಿಕ್ಕಾಗಿ ಹೊರಬಂತು. ಅಳು ತಡೆಯಲಾಗಲಿಲ್ಲ. ಮೇಡಂ ಕಣ್ಣು ಮುಚ್ಚಿಕೊಂಡೇ ನನ್ನ ಮಣಿಕಟ್ಟು ಹಿಡಿದುಕೊಂಡು, ಅದನ್ನು ತಾವೇ ಎಳೆದುಕೊಂಡು, ಮುಂದಕ್ಕೆ ಹೋದರು. ಉಳಿದವನ್ನು ಇಬ್ಬರೂ ಮುಗಿಸಿದೆವು.

ಪಿಯಾನೋ ನಿಂತಿತು. ಸ್ವಲ್ಪ ಹೊತ್ತು ಬರೀ ಟೇಪಿನ ಸುಯ್ ಎನ್ನುವ ಸದ್ದು ಓಡಿತು.

"ಎರಡನೇ ಚರಣದಲ್ಲಿ ಒಂದು ಜಾಸ್ತಿ ತಗೊಂಡಿದೀನಿ" ಎಂದರು ಮೇಡಂ, ಆ ಗಡಸು ದನಿಯಲ್ಲಿ. "ಅದೊಂದು ನೀವು ತೆಗೆದಿದ್ದು ಸರಿ."

ಟೇಪ್‌ರೆಕಾರ್ಡರ್ ಆರಿಸಿದರು. ಆಮೇಲೆ, ಪರೀಕ್ಷೆ ಬರೆದು ಬಂದ ಹುಡುಗಿಯ ಹಾಗೆ, ನನ್ನ ಮುಖ ನೋಡದೆ ಕೇಳಿದರು.

"ಚೆನ್ನಾಗಿ ಹಾಡಿದೀನಿ, ಅಲ್ವೇನ್ರೀ?"

ಆ ಹಾಡನ್ನು ಕೇಳಿದವರು ಈ ಲೋಕದಲ್ಲಿ ಇಬ್ಬರೇ, ನಾನು ಮತ್ತು ಜೋಸೆಫ್. ಹಾಡಿದವರು ಕೇಳಿರಲಿಲ್ಲ.

"ಹೌದು ಮೇಡಂ. ತುಂಬಾ ಚೆನ್ನಾಗಿ ಹಾಡಿದೀರಿ" ಎಂದೆ.